ಏಳು ಕೆಜಿಯ ಗಂಟು

ಅವ್ವ ಮತ್ತೆ ಅಮೆರಿಕಕ್ಕೆ ಹೊರಟಿದ್ದಾಳೆ. ಇದು ಎರಡನೇ ಸಲ. ಡಾಬಕಾದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾರದಿಂದ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದೆ. ಬಂದವರೆಲ್ಲ ಅದರೊಳಗೆ ಏನಾದರೊಂದು ಇಟ್ಟು ಹೋಗುತ್ತಾರೆ. ಕಾಕು ಕಡಕ್ ರೊಟ್ಟಿ ತಂದಳು, ಪಕ್ಕದ ಮನೆಯವರು ಶೇಂಗಾ ಹಿಂಡಿ ತಂದರು, ಇನ್ಯಾರೋ ಒಂದು ಡಬ್ಬಿ ಕಾರೆಳ್ಳು ಹಿಂಡಿ... ಹೀಗೇ ನಡೆದಿದೆ. ನಾನು ಮಾತ್ರ ಆ ಸೂಟ್‌ಕೇಸಿನ ಕಡೆ ಹೆಚ್ಚು ನೋಡಿಲ್ಲ. ನನ್ನ ಕಣ್ಣೆಲ್ಲ ಗೋಡೆಯ ಮೊಳೆಗೆ ನೇತುಹಾಕಿದ ಒಂದು ಸಣ್ಣ ಬಟ್ಟೆಚೀಲದ ಮೇಲೆ. ಅದರ ಕಥೆ ಹೇಳೋಣ ಅಂತಲೇ ಇವತ್ತು ಬರೆಯಲು ಕೂತಿದ್ದೇನೆ.

ಮೊದಲ ಸಲ ಹೋಗಿದ್ದು 2023ರಲ್ಲಿ. ತಂಗಿಗೆ ಚೊಚ್ಚಲ ಹೆರಿಗೆ. ಅವಳಿರುವುದು ಷಿಕಾಗೊ ಹತ್ತಿರ. ಅವ್ವ ಅಲ್ಲಿಯತನಕ ನೋಡಿದ ದೂರದ ಊರು ಅಂದರೆ ಈ ಕಡೆ ಹೈದರಾಬಾದು, ಆ ಕಡೆ ತುಳಜಾಪುರ, ಅಷ್ಟೇ. ಕನ್ನಡ, ಮರಾಠಿ ಚೆನ್ನಾಗಿ ಬರುತ್ತೆ, ಹಿಂದಿ ನಮ್ಮ ಬೀದರದ ಹಿಂದಿ. ಇಂಗ್ಲಿಷು ಇಲ್ಲ. ನನಗೆ ರಜೆಯೂ ಇರಲಿಲ್ಲ, ವೀಸಾನೂ ಇರಲಿಲ್ಲ. ಹೈದರಾಬಾದಿನಿಂದ ಕೊಲ್ಲಿಯ ಒಂದು ಊರಿಗೆ ಹೋಗಿ, ಅಲ್ಲಿ ವಿಮಾನ ಬದಲಿಸಿ ಷಿಕಾಗೊ ಸೇರಬೇಕು. ಎರಡನೇ ವಿಮಾನವೇ ಸುಮಾರು ಹದಿನೈದು ಗಂಟೆ. ಗಾಲಿಕುರ್ಚಿಯ ಸಹಾಯ ಬೇಕು ಅಂತ ಟಿಕೆಟ್ ಮಾಡುವಾಗಲೇ ಬರೆಸಿದ್ದೆ. ಇನ್ನೇನು ಚಿಂತೆ ಇಲ್ಲ ಅಂದುಕೊಂಡೆ.

ಆ ಟಿಕೆಟಿನ ಪ್ರಕಾರ ಕೈಯಲ್ಲಿ ಒಯ್ಯಬಹುದಾದದ್ದು 7 ಕೆಜಿಯ ಒಂದು ಗಾಲಿಚೀಲ, ಜೊತೆಗೆ ಹೆಗಲಿಗೆ ಹಾಕುವ ಒಂದು ಸಣ್ಣ ಚೀಲ. ಮನೆಯಲ್ಲಿ ತೊಗರಿ ತೂಗುವ ಕೊಕ್ಕೆಯ ತಕ್ಕಡಿ ಇದೆಯಲ್ಲ, ಅದಕ್ಕೇ ಗಾಲಿಚೀಲ ಸಿಕ್ಕಿಸಿ ನೋಡಿದರೆ ಒಂಬತ್ತು ಕೆಜಿ! ತೆಗೆ, ಇಡು, ತೂಗು... ರಾತ್ರಿ ಹನ್ನೊಂದರ ತನಕ ಇದೇ ಕೆಲಸ. ಕೊನೆಗೆ ತುಪ್ಪದ ಡಬ್ಬಿ ಮತ್ತು ಹಿಂಡಿಯ ಸ್ಟೀಲ್ ಡಬ್ಬಿ ಹೆಗಲ ಚೀಲಕ್ಕೆ ಹೋದವು. ಅವ್ವನ ಇನ್ಸುಲಿನ್ ಪೆನ್ನು, ಸೂಜಿ, ಸಕ್ಕರೆ ನೋಡುವ ಯಂತ್ರ ಎಲ್ಲವನ್ನೂ ಗಾಲಿಚೀಲದಲ್ಲಿ ಸೀರೆಗಳ ನಡುವೆ ಮೆತ್ತಗೆ ಇಟ್ಟೆ. ಅದೂ ವಿಮಾನದೊಳಗೆ ಅವ್ವನ ಜೊತೆಗೇ ಹೋಗುವ ಚೀಲ ತಾನೆ? ಹಾಗಂತ ನನ್ನ ಲೆಕ್ಕ. ಆ ಲೆಕ್ಕವೇ ತಪ್ಪಾಗಿತ್ತು.

ಶಂಶಾಬಾದಿನ ನಿಲ್ದಾಣದಲ್ಲಿ ನಮ್ಮಂಥವರಿಗೆ ಬಾಗಿಲವರೆಗೆ ಮಾತ್ರ ಪ್ರವೇಶ. ಹೊರಗೆ ನಿಂತು ಫೋನಿಗೆ ಕಾಯುತ್ತಿದ್ದೆ. ಅರ್ಧ ಗಂಟೆಗೆ ಬಂತು.

"ತಮ್ಮಾ, ಕೊಬ್ಬರಿ ತೆಗಿಸಿದ್ರಪ್ಪಾ."

"ದೊಡ್ಡ ಸೂಟ್‌ಕೇಸ್ ತೆಗೆದು ನೋಡಿದ್ರೇನು?"

"ಇಲ್ಲೋ. ಒಣ ಕೊಬ್ಬರಿ ಅದ ಏನು ಅಂತ ಕೇಳಿದ್ರು. ಸುಳ್ಳ್ಯಾಕ ಹೇಳಬೇಕು, ಅದ ಅಂದೆ."

ಮಗಳ ಉಡಿ ತುಂಬಲು ಅಂತ ಐದು ಕೊಬ್ಬರಿ ಬಟ್ಟಲು ಇಟ್ಟಿದ್ದಳು. ಅವನ್ನು ಏನು ಮಾಡಿದೆ ಅಂತ ಕೇಳಿದರೆ, ಗಾಲಿಕುರ್ಚಿ ತಳ್ಳುವ ಹುಡುಗನಿಗೆ ಕೊಟ್ಟಳಂತೆ. "ಅವಂದೂ ಲಗ್ನ ಆಗ್ಯದ ಅಂತ, ಹೇಣ್ತಿ ಉಡ್ಯಾಗ ಹಾಕು ಅಂದೆ!"

ಇನ್ನರ್ಧ ಗಂಟೆಗೆ ಎರಡನೇ ಫೋನು. ಈ ಸಲ ತುಪ್ಪ. "ಗಟ್ಟಿ ಆಗ್ಯದ, ನೀರಿಲ್ಲ ಅಂತ ಡಬ್ಬಿ ಬೋರಲು ಮಾಡಿ ತೋರ್ಸಿದೆ. ಕೇಳಲಿಲ್ಲ." ಧ್ವನಿ ಸಣ್ಣಗಾಗಿತ್ತು. ಮನೆಯ ಎಮ್ಮೆಯ ತುಪ್ಪ ಅದು, ಬಾಣಂತಿಗೆ ಅಂತ ಕಾಯಿಸಿದ್ದು. ನಾನು ಸಿಟ್ಟಿನಲ್ಲಿ ಆ ನಿಯಮ ಮಾಡಿದವರನ್ನೆಲ್ಲ ಬೈದುಕೊಂಡು ಬೀದರದ ಬಸ್ಸು ಹತ್ತಿದೆ.

ಆದರೆ ಬೈಯಬೇಕಾದ ವಿಷಯ ಅದಾಗಿರಲೇ ಇಲ್ಲ.

ಎರಡನೇ ವಿಮಾನ ಹತ್ತುವ ಗೇಟಿನಲ್ಲಿ ಸಿಬ್ಬಂದಿ ಒಬ್ಬರು ಬಂದು, ಮೇಲಿನ ಗೂಡುಗಳೆಲ್ಲ ತುಂಬಿವೆ, ಗಾಲಿಚೀಲ ಕೆಳಗೆ ಹೋಗಬೇಕು ಅಂದಿದ್ದಾರೆ. ಅವ್ವನಿಗೆ ಅರ್ಥವಾದದ್ದು ಚೀಲ ಕೇಳುತ್ತಿದ್ದಾರೆ ಅಂತ ಮಾತ್ರ. ಕೊಟ್ಟಳು. ಚೀಲಕ್ಕೆ ಒಂದು ಚೀಟಿ ಕಟ್ಟಿದರು, ಅರ್ಧ ಹರಿದು ಅವ್ವನ ಕೈಗೆ ಕೊಟ್ಟರು. ಹದಿನೈದು ಗಂಟೆ ಅವ್ವ ಹಿಂಡಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಇನ್ಸುಲಿನ್ ಕಾಲ ಕೆಳಗೆ ಎಲ್ಲೋ ಸರಕಿನ ಗೂಡಿನಲ್ಲಿತ್ತು. ಯಾರಿಗೆ ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು? ಕೊಟ್ಟ ಊಟವನ್ನು ಸುಮ್ಮನೆ ಉಂಡಳು.

ಷಿಕಾಗೊದಲ್ಲಿ ಇಳಿದಾಗ ಆ ಚೀಲ ಬರಲೇ ಇಲ್ಲ! ಬಂದದ್ದು ಮೂರನೇ ದಿನ. ಅಷ್ಟರಲ್ಲಿ ಒಂಬತ್ತು ತಿಂಗಳು ತುಂಬಿದ ತಂಗಿ, ಹೊಟ್ಟೆ ಹಿಡಿದುಕೊಂಡು ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಸಕ್ಕರೆ ನಾನೂರು ದಾಟಿತ್ತಂತೆ. ಬಾಣಂತನ ಮಾಡಲು ಹೋದವಳಿಗೆ ಬಸುರಿ ಆರೈಕೆ ಮಾಡಿದಳು. ನಾಲ್ಕು ದಿನಕ್ಕೆ ಅವ್ವ ಸುಧಾರಿಸಿಕೊಂಡಳು, ಅದೇ ವಾರ ಮೊಮ್ಮಗಳೂ ಹುಟ್ಟಿದಳು. ಎಲ್ಲ ಸರಿಹೋಯಿತು ಅನ್ನಿ. ಆದರೆ ಫೋನಿನಲ್ಲಿ ತಂಗಿ ಒಂದೇ ಪ್ರಶ್ನೆ ಕೇಳಿದಳು. "ಅಣ್ಣಾ, ಹಿಂಡಿ ಹೆಗಲಿಗೆ, ಔಷಧ ಗಾಲಿಚೀಲಕ್ಕೆ ಹಾಕಿದ್ದು ಯಾರು?" ಉತ್ತರ ಕೊಡಲು ನನ್ನ ಹತ್ತಿರ ಮಾತಿರಲಿಲ್ಲ. ಇವತ್ತಿಗೂ ಇಲ್ಲ.

ಆಮೇಲೆ ಕೂತು ಎಲ್ಲ ನಿಯಮಗಳನ್ನೂ ಓದಿದೆ. ಊರು ಸುಟ್ಟ ಮೇಲೆ ಬಾವಿ ತೋಡಿದ ಹಾಗೆ. ಆದರೂ ಓದಿದ ಮೇಲೆ ಬೈಯುವ ಮನಸ್ಸು ಕಡಿಮೆಯಾಯಿತು.

ತುಪ್ಪದ ಕಥೆ ಶುರುವಾಗಿದ್ದು 2006ರ ಆಗಸ್ಟ್ 10ರಂದು. ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ದ್ರವ ತುಂಬಿ ವಿಮಾನಗಳನ್ನು ಉಡಾಯಿಸುವ ಸಂಚು ಲಂಡನ್ನಿನಲ್ಲಿ ಬಯಲಾಯಿತು. ಮೊದಲು ಕೆಲವು ದಿನ ಕೈಚೀಲವೇ ಬೇಡ ಅಂದರು. ಆಮೇಲೆ ಬಂದದ್ದೇ 100 ಮಿಲಿಲೀಟರಿನ ನಿಯಮ. ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಅವರು ನೋಡುವುದು ಡಬ್ಬಿಯ ಅಳತೆ, ಒಳಗೆ ಎಷ್ಟು ಉಳಿದಿದೆ ಅಂತ ಅಲ್ಲ. ಅರ್ಧ ಲೀಟರಿನ ಡಬ್ಬಿಯ ತಳದಲ್ಲಿ ನಾಲ್ಕು ಚಮಚ ತುಪ್ಪ ಇದ್ದರೂ ಹೋಯಿತು. ಗಟ್ಟಿಯಾಗಿದೆ ಅನ್ನುವ ವಾದವೂ ನಡೆಯುವುದಿಲ್ಲ. ತುಪ್ಪ, ಉಪ್ಪಿನಕಾಯಿ, ಮೊಸರು ಎಲ್ಲ ಅದೇ ಲೆಕ್ಕ. ಹೊಸ ಸ್ಕ್ಯಾನರು ಬಂದ ಕೆಲವು ನಿಲ್ದಾಣಗಳಲ್ಲಿ ಇದು ಸಡಿಲವಾಗಿದೆ. ಎಡಿನ್‌ಬರೋದಲ್ಲಿ 2025ರಲ್ಲಿ 2 ಲೀಟರಿನ ತನಕ ಬಿಟ್ಟರು. ಆದರೆ ದೂರದ ಪ್ರಯಾಣದಲ್ಲಿ ನಡುವೆ ವಿಮಾನ ಬದಲಿಸುವ ಕಡೆ ಮತ್ತೆ ತಪಾಸಣೆ ಇರುತ್ತೆ. ಒಂದು ಕಡೆ ಬಿಟ್ಟರು ಅಂತ ಇನ್ನೊಂದು ಕಡೆ ಬಿಡಬೇಕಂತಿಲ್ಲ. ದಾರಿಯಲ್ಲಿ ಯಾರು ಎಲ್ಲರಿಗಿಂತ ಬಿಗಿಯೋ ಅವರ ನಿಯಮವೇ ನಮ್ಮ ನಿಯಮ.

ಕೊಬ್ಬರಿಯದು ಬೇರೆ. ಅದು ಬೆಂಕಿಯ ಭಯ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ರಾಶಿ ಬಿದ್ದಾಗ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಸರಕು ಅಂತ ಅದಕ್ಕೆ ಅಂತರರಾಷ್ಟ್ರೀಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ 1363 ಅನ್ನುವ ಸಂಖ್ಯೆಯೇ ಇದೆ. ನಾವು ದೇವರ ಮುಂದೆ ಇಡುವ ಕೊಬ್ಬರಿ ಬಟ್ಟಲು ಅಲ್ಲಿ ಅಪರಾಧಿಯ ಹಾಗೆ ನಂಬರು ಹಾಕಿಸಿಕೊಂಡು ನಿಂತಿದೆ ನೋಡಿ! :-)

ಹಿಂಡಿ ಪಾರಾದದ್ದು ಅದೃಷ್ಟ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ, ಕೈಚೀಲದಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಇದ್ದರೆ ಬೇರೆ ತಪಾಸಣೆ ಮಾಡುತ್ತಾರೆ. ಅದು ಏನೆಂದು ಖಾತ್ರಿಯಾಗದಿದ್ದರೆ ಬಿಡುವುದಿಲ್ಲ. ಅಳತೆ ಅಂದರೆ ಹೆಚ್ಚುಕಮ್ಮಿ ಒಂದು ತಂಪು ಪಾನೀಯದ ಕ್ಯಾನಿನಷ್ಟು. ಶೇಂಗಾ ಹಿಂಡಿ, ಖಾರಪುಡಿ ಎಲ್ಲ ದೊಡ್ಡ ಸೂಟ್‌ಕೇಸಿಗೇ ಸರಿ. ಇಳಿದ ಮೇಲೆ ಕಸ್ಟಮ್ಸ್‌ನವರಿಗೆ ತಿನ್ನುವ ಸಾಮಾನು ಇದೆ ಅಂತ ಹೇಳಿಬಿಡಬೇಕು. ಹೇಳಿದ್ದಕ್ಕೆ ದಂಡ ಇಲ್ಲ, ಮುಚ್ಚಿಟ್ಟರೆ ಇದೆ. ಈ ವಿಷಯದಲ್ಲಿ ಅವ್ವನಿಗೆ ಪಾಠ ಹೇಳುವ ಅಗತ್ಯವೇ ಇಲ್ಲ ಬಿಡಿ.

ಇನ್ನು ಚೀಲದ ಅಳತೆ, ತೂಕ. ಇದು ಒಂದೊಂದು ಕಂಪನಿಯದು ಒಂದೊಂದು. ನಮ್ಮಲ್ಲಿ, ಕೊಲ್ಲಿಯ ಕಂಪನಿಗಳಲ್ಲಿ ಎಕಾನಮಿಗೆ ಸಾಮಾನ್ಯವಾಗಿ 7 ಕೆಜಿ. ಅಮೆರಿಕದ ದೊಡ್ಡ ಕಂಪನಿಗಳು ಹೆಚ್ಚಾಗಿ ಅಳತೆ ಮಾತ್ರ ಹೇಳುತ್ತವೆ, ತೂಕ ಕೇಳುವುದಿಲ್ಲ. 2015ರ ಜೂನ್‌ನಲ್ಲಿ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾ, 55, 35, 20 ಸೆಂಟಿಮೀಟರಿನ ಒಂದೇ ಅಳತೆ ಎಲ್ಲ ಕಡೆ ಇರಲಿ ಅಂತ ಹೊರಟಿತು. ಇರುವ ಚೀಲವೆಲ್ಲ ಎಸೆಯಬೇಕೇ ಅಂತ ಜನ ಗಲಾಟೆ ಮಾಡಿದರು. ಅದೇ ತಿಂಗಳು ಆ ಯೋಜನೆ ನಿಂತಿತು. ಹಾಗಾಗಿ ಟಿಕೆಟಿನಲ್ಲಿ ಬರೆದದ್ದೇ ನಂಬಬೇಕು, ಮನೆಯ ತಕ್ಕಡಿಯಲ್ಲೇ ತೂಗಬೇಕು.

ಆದರೆ ಇಷ್ಟೆಲ್ಲ ಓದಿದ ಮೇಲೂ ನನಗೆ ಮುಖ್ಯವಾದ ಮಾತು ಸಿಕ್ಕಿದ್ದು ಅವ್ವನ ಬಾಯಿಂದ.

ಅಮೆರಿಕದಿಂದ ಬಂದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹಳೆಯದನ್ನೆಲ್ಲ ಹೇಳುತ್ತಿದ್ದಳು. ಅವಳು ಸಣ್ಣವಳಿದ್ದಾಗ ಭಾಲ್ಕಿ ಕಡೆಯ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಜೋಳದ ಚೀಲ, ಹಾಸಿಗೆ, ಪಾತ್ರೆ ಎಲ್ಲ ಬಂಡಿಯ ಹಿಂದೆ. ಬುತ್ತಿಗಂಟು ಮಾತ್ರ ನಮ್ಮಾಯಿಯ ಉಡಿಯಲ್ಲಿ.

"ಯಾಕಂದ್ರ ಬಂಡಿ ಎಲ್ಲಾರ ಹಿಂದ ಉಳೀತದ. ಗಾಲಿ ಮುರೀತದ. ಬುತ್ತಿ ಉಡ್ಯಾಗಿದ್ರ ಕೂಸಿನ ಹೊಟ್ಟಿ ಹಸಿಯಂಗಿಲ್ಲ. ನಾ ಆವತ್ತು ಅದು ಮರ್ತೆ ನೋಡು ತಮ್ಮಾ."

ಮರೆತವಳು ಅವಳಲ್ಲ, ನಾನು. ಚೀಲ ಕಟ್ಟಿದವನು ನಾನು. ಕೈಚೀಲ ಅಂದರೆ ಸೂಟ್‌ಕೇಸಿನಲ್ಲಿ ಹಿಡಿಯದ್ದನ್ನು ತುರುಕುವ ಜಾಗ ಅಂತ ತಿಳಿದಿದ್ದೆ. ಗಾಲಿಚೀಲವೂ ಬಂಡಿಯೇ. ಯಾವ ಗೇಟಿನಲ್ಲಿ ಬೇಕಾದರೂ ಅದು ಕೈಬಿಟ್ಟು ಹೋಗಬಹುದು. ನಮ್ಮ ಜೊತೆ ಕೊನೆಯ ತನಕ ಬರುವುದು ಮುಂದಿನ ಸೀಟಿನ ಕೆಳಗೆ ಹಿಡಿಯುವ ಸಣ್ಣ ಚೀಲ ಒಂದೇ.

ಗೋಡೆಗೆ ನೇತುಹಾಕಿದ್ದು ಅದೇ. ಕೊರಳಿಗೆ ಅಡ್ಡ ಹಾಕಿಕೊಳ್ಳುವ ಬಟ್ಟೆಚೀಲ. ಅವ್ವ ತಾನೇ ಹೊಲಿದದ್ದು, ಹಳೆಯ ಇಳಕಲ್ ಸೀರೆಯ ಸೆರಗಿನದು. ಅದರಲ್ಲಿ ಇನ್ಸುಲಿನ್, ಸೂಜಿ, ಸಕ್ಕರೆ ನೋಡುವ ಯಂತ್ರ, ಎರಡು ದಿನ ತಡವಾದರೂ ಸಾಲುವಷ್ಟು ಗುಳಿಗೆ. ಔಷಧದ ಮೂಲ ಹೆಸರು ಬರೆದ ಡಾಕ್ಟರ ಚೀಟಿ. ಔಷಧಕ್ಕೆ 100 ಮಿಲಿಲೀಟರಿನ ಕಟ್ಟು ಇಲ್ಲ, ಆದರೆ ತಪಾಸಣೆಯಲ್ಲಿ ತೆಗೆದು ತೋರಿಸಬೇಕು. ಸಕ್ಕರೆ ಇಳಿದರೆ ಅಂತ ನಾಲ್ಕು ಪೆಪ್ಪರಮಿಂಟು. ಇನ್ಸುಲಿನ್ನನ್ನು ಕೆಳಗಿನ ಸರಕಿಗೆ ಯಾವತ್ತೂ ಹಾಕಬಾರದು. ಚೀಲ ತಡವಾಗುವುದು ಒಂದು ಭಯ, ಹೆಪ್ಪುಗಟ್ಟಿದರೆ ಔಷಧವೇ ಕೆಡುವುದು ಇನ್ನೊಂದು. ಮೂರನೇ ದಿನ ಬಂದ ಆ ಪೆನ್ನನ್ನು ತಂಗಿ ಎಸೆದೇಬಿಟ್ಟಳು. ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತಂತೆ, ಆದರೆ ನಂಬುವುದು ಹೇಗೆ?

ಜೊತೆಗೆ ಪಾಸ್‌ಪೋರ್ಟು, ಕನ್ನಡಕ, ತಂಗಿಯ ವಿಳಾಸ, ಮತ್ತೆ ಪವರ್ ಬ್ಯಾಂಕು. ಅದನ್ನು ಸೂಟ್‌ಕೇಸಿಗೆ ಹಾಕುವಂತೆಯೇ ಇಲ್ಲ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸಬಹುದು, ಕೆಳಗೆ ಯಾರಿದ್ದಾರೆ? 100 ವ್ಯಾಟ್ ಅವರ್‌ವರೆಗಿನದು ಸಾಮಾನ್ಯವಾಗಿ ಒಯ್ಯಬಹುದು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ವಿಮಾನಕ್ಕೆ ಬೆಂಕಿ ಬಿದ್ದ ಮೇಲೆ ಈ ವಿಷಯದಲ್ಲಿ ಕಂಪನಿಗಳು ಬಿಗಿಯಾಗಿವೆ. 2025ರ ಅಕ್ಟೋಬರ್ 1ರಿಂದ ಎಮಿರೇಟ್ಸ್, ಒಂದೇ ಪವರ್ ಬ್ಯಾಂಕ್ ಇಟ್ಟುಕೊಳ್ಳಿ, ವಿಮಾನದಲ್ಲಿ ಬಳಸಬೇಡಿ ಅಂತ ನಿಯಮ ಮಾಡಿತು. ಗೇಟಿನಲ್ಲಿ ಗಾಲಿಚೀಲ ಕೆಳಗೆ ಕಳಿಸುವಾಗಲೂ ಮೊದಲು ಪವರ್ ಬ್ಯಾಂಕ್ ಹೊರಗೆ ತೆಗೆಯಬೇಕು. ಆ ಸಲ ನಮ್ಮ ಚೀಲದಲ್ಲಿ ಅದೂ ಇದ್ದಿದ್ದರೆ ತೆಗೆಯುವ ನೆಪದಲ್ಲಾದರೂ ಇನ್ಸುಲಿನ್ ನೆನಪಾಗುತ್ತಿತ್ತೋ ಏನೋ.

ಕೊನೆಯದಾಗಿ ಒಂದು ರಟ್ಟಿನ ಚೀಟಿ. ಒಂದು ಬದಿ ಇಂಗ್ಲಿಷಿನಲ್ಲಿ, ಇನ್ನೊಂದು ಬದಿ ಹಿಂದಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇದೆ, ಈ ಚೀಲದಲ್ಲಿ ನನ್ನ ಔಷಧವಿದೆ, ದಯವಿಟ್ಟು ಇದನ್ನು ನನ್ನ ಹತ್ತಿರವೇ ಬಿಡಿ ಅಂತ.

ತುಪ್ಪ ಈ ಸಲ ಇಲ್ಲ. ಕೊಬ್ಬರಿ ಬಟ್ಟಲೂ ಇಲ್ಲ. ಉಡಿಗೆ ಅಡಿಕೆ, ಅರಿಷಿಣದ ಕೊಂಬು, ಕುಪ್ಪಸ ಇಷ್ಟೇ ಸಾಕು ಅಂತ ಅವ್ವನೇ ಅಂದಳು. ಕಡಕ್ ರೊಟ್ಟಿ, ಹಿಂಡಿ ದೊಡ್ಡ ಸೂಟ್‌ಕೇಸಿನಲ್ಲಿ. ಕಳೆದುಹೋದರೆ ಹೋಗಲಿ, ಬೇಜಾರಾಗುತ್ತೆ, ಜೀವಕ್ಕೇನೂ ಆಗುವುದಿಲ್ಲ.

ನಿನ್ನೆ ರಾತ್ರಿ ಒಂದು ಸಲ ತಾಲೀಮು ಮಾಡಿಸಿದೆ. ನಾನೇ ಗೇಟಿನ ಸಿಬ್ಬಂದಿ. ಕೈ ಮುಂದೆ ಮಾಡಿ ಗಾಲಿಚೀಲ ಕೇಳಿದೆ, ಕೊಟ್ಟಳು. ಕೊರಳ ಚೀಲಕ್ಕೆ ಕೈ ಹಾಕಿದೆ. ಸೆರಗಿನೊಳಗೆ ಎಳೆದುಕೊಂಡು ಚೀಟಿ ನನ್ನ ಮುಖದ ಮುಂದೆ ಹಿಡಿದಳು.

"ಬಂಡಿ ಒಯ್ರಿ, ಬುತ್ತಿ ಕೊಡಂಗಿಲ್ಲ."

ಸೋಮವಾರ ಹೊರಡುತ್ತಾಳೆ. ನಿಮ್ಮ ಮನೆಯಿಂದಲೂ ಅವ್ವನೋ ಅಪ್ಪನೋ ಒಬ್ಬರೇ ದೂರ ಹೊರಟಿದ್ದರೆ, ಇವತ್ತು ರಾತ್ರಿಯೇ ಅವರ ಚೀಲ ಒಂದು ಸಲ ಬಿಚ್ಚಿ ನೋಡಿ. ಔಷಧ ಯಾವ ಚೀಲದಲ್ಲಿದೆ ಅಂತ.