ಮೂರು ವಾರಗಳ ಪಂಚಾಂಗ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಥಲಸ್ಸೇಮಿಯಾ ಹೊಕ್ಕ ಮನೆಗೆ ಬೇರೆಯದೇ ಒಂದು ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಗಳಿಗಿಂತ ಮಗುವಿಗೆ ಕಳೆದ ಸಲ ರಕ್ತ ಏರಿಸಿದ ತಾರೀಖು ಅಲ್ಲಿ ಮುಖ್ಯ. ಹದಿನೈದು ದಿನ ದಾಟಿತೆಂದರೆ ತಾಯಿ ಮಗುವಿನ ಕೆಳರೆಪ್ಪೆ ಎಳೆದು ನೋಡುತ್ತಾಳೆ, ಅಂಗೈಯ ಕೆಂಪು ಮಾಸಿದೆಯೇ ಎಂದು ಬೆಳಕಿಗೆ ಹಿಡಿಯುತ್ತಾಳೆ. ಮಗು ಆಟ ಬಿಟ್ಟು ಗೋಡೆಗೆ ಒರಗಿತೋ, ಪ್ರಯೋಗಾಲಯದ ವರದಿಗೆ ಮೊದಲೇ ಅವಳಿಗೆ ಸಂಗತಿ ತಿಳಿದಿರುತ್ತದೆ.

ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ಈ ಅಪಾಯವಿದೆ. ವಾಹಕರಿಗೆ ಸ್ವತಃ ಕಾಯಿಲೆಯಿಲ್ಲ. ಆದುದರಿಂದ ಮೊದಲ ಮಗು ಆರು ತಿಂಗಳಿಗೋ ವರ್ಷಕ್ಕೋ ಬಿಳಿಚಿಕೊಳ್ಳುವವರೆಗೆ ಯಾರಿಗೂ ಸುಳಿವು ಸಿಗುವುದಿಲ್ಲ. ಅಲ್ಲಿಂದ ಮುಂದೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಬದುಕಿನುದ್ದಕ್ಕೂ, ಅನ್ಯರ ರಕ್ತ. ನಸುಕಿನ ಬಸ್ಸು, ಚೀಟಿ, ರಕ್ತದ ಹೊಂದಾಣಿಕೆಯ ಪರೀಕ್ಷೆ, ಕಾಯುವಿಕೆ, ಬಳಿಕ ಗಂಟೆಗಟ್ಟಲೆ ತೊಟ್ಟಿಕ್ಕುವ ಚೀಲ. ಮನೆಯಲ್ಲಿ ಕನ್ನಡ, ಕೌಂಟರಿನಲ್ಲಿ ಮರಾಠಿ, ವೈದ್ಯರೆದುರು ಹಿಂದಿ. ದಣಿದ ತಾಯಿ ಒಂದೇ ದಿನದಲ್ಲಿ ಮೂರು ಭಾಷೆಗಳಲ್ಲಿ ಮಗುವಿನ ಕಥೆ ಹೇಳಬೇಕು. ಹತ್ತು ವರ್ಷದ ಹುಡುಗಿಯಾದರೋ ಯಾವ ನರ ಗಟ್ಟಿಯಾಗಿದೆ, ಯಾವುದು ಇನ್ನೂ ಸೂಜಿಗೆ ಒಲಿಯುತ್ತದೆ ಎಂಬುದನ್ನು ತಾನೇ ನರ್ಸಿಗೆ ತೋರಿಸುತ್ತಾಳೆ.

ರಕ್ತ ಉಳಿಸುತ್ತದೆ, ಕೊಲ್ಲುವುದನ್ನೂ ಬಲ್ಲದು. ಒಂದೊಂದು ಚೀಲದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ. ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಅದು ಕೂಡುತ್ತ ಹೋಗುತ್ತದೆ. ಹಿಂದೆ ಇದಕ್ಕೆ ಹೊಟ್ಟೆಯ ಚರ್ಮದಡಿ ಸೂಜಿಯಿಟ್ಟು ರಾತ್ರಿ ಎಂಟು ಹತ್ತು ಗಂಟೆ ಡೆಸ್‌ಫೆರಾಕ್ಸಮೀನ್ ಪಂಪು ನಡೆಸಬೇಕಾಗಿತ್ತು. ಈಗ ಡೆಫರಾಸಿರಾಕ್ಸ್‌ನಂಥ ಗುಳಿಗೆಗಳಿವೆ. ರಕ್ತ ತಪ್ಪಿದರೆ ವಾರಗಳಲ್ಲಿ ಗೊತ್ತಾಗುತ್ತದೆ, ಗುಳಿಗೆ ತಪ್ಪಿದ್ದು ಗೊತ್ತಾಗಲು ವರ್ಷಗಳು ಬೇಕು. ಬಡ ಮನೆಗಳಲ್ಲಿ ಮೊದಲು ನಿಲ್ಲುವುದು ಈ ಗುಳಿಗೆಯೇ.

ಕಾನೂನು ಮೌನವಾಗಿಲ್ಲ. ‘ಕಾಮನ್ ಕಾಸ್’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿ 4ರಂದು ನೀಡಿದ ತೀರ್ಪು ರಕ್ತ ಮಾರುವ ವೃತ್ತಿಗೆ ತೆರೆ ಎಳೆಯಿತು. ರಾಷ್ಟ್ರೀಯ ರಕ್ತ ಪರಿಷತ್ತು ಹುಟ್ಟಿದ್ದೂ ಅದರಿಂದಲೇ. ಪದೇ ಪದೇ ರಕ್ತ ಬೇಕಾದ ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ರೋಗಿಗಳಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಆ ಪರಿಷತ್ತಿನ ಸೂಚನೆಯಿದೆ. ಆದರೂ ‘ಬದಲಿಗೆ ದಾನಿಯನ್ನು ಕರೆತನ್ನಿ’ ಎಂಬ ಮಾತು ನಮ್ಮ ಆಸ್ಪತ್ರೆಗಳಿಂದ ಅಳಿದಿಲ್ಲ. ಮೂರು ವಾರಕ್ಕೊಮ್ಮೆಯೆಂದರೆ ವರ್ಷಕ್ಕೆ 17 ಸಲ. ಗಂಡಸು ಒಮ್ಮೆ ಕೊಟ್ಟರೆ ಮತ್ತೆ 90 ದಿನ ಕೊಡುವಂತಿಲ್ಲ, ಹೆಂಗಸು 120 ದಿನ. ಕಾಕಾ, ಮಾಮಾ, ನೆರೆಯವರೆಲ್ಲ ಎರಡು ವರ್ಷಗಳಲ್ಲಿ ತೀರಿಹೋಗುತ್ತಾರೆ. ಬೇಸಿಗೆಯಲ್ಲಂತೂ ಕಾಲೇಜು ಮುಚ್ಚಿ ಶಿಬಿರಗಳು ನಿಂತು, ಕೇಳಲು ಮುಖವೇ ಉಳಿಯದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಮೂರೂ ಕಾಯಿಲೆಗಳನ್ನು ತನ್ನ ಪಟ್ಟಿಗೆ ಸೇರಿಸಿದೆ. ನೂರಕ್ಕೆ 40ರ ಪ್ರಮಾಣಪತ್ರವಿದ್ದರೆ 32ನೆಯ ಕಲಮು ಉನ್ನತ ಶಿಕ್ಷಣದಲ್ಲಿ ಮೀಸಲು ಕೊಡುತ್ತದೆ; ಉದ್ಯೋಗದ 34ನೆಯ ಕಲಮಿನಲ್ಲಿ ಮಾತ್ರ ರಕ್ತದ ಕಾಯಿಲೆಗಳ ಹೆಸರಿಲ್ಲ. ಕಾಲೇಜಿನ ಬಾಗಿಲಲ್ಲಿ ವಿಕಲಚೇತನನಾದವನು ಕಚೇರಿಯ ಬಾಗಿಲಲ್ಲಿ ಹೇಗೆ ಸಶಕ್ತನಾದನೆಂಬುದನ್ನು ಶಾಸನ ರಚಿಸಿದವರೇ ಹೇಳಬೇಕು. ತಿಂಗಳಿಗೆರಡು ರಜೆ ಬೇಡುವ ಹುಡುಗನಿಗೆ ಖಾಸಗಿ ನೌಕರಿ ಎಷ್ಟು ದಿನ ನಿಂತೀತು?

ಇನ್ನು ಗಡಿಯ ಮಾತು. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ಅಂದು ಜಿಲ್ಲೆ ಒಡೆಯಿತು, ಸೋದರಿಕೆ ಒಡೆಯಲಿಲ್ಲ. ಸೊಸೆ ಭಾಲ್ಕಿಯಿಂದ ಬರುತ್ತಾಳೆ, ಮಗಳು ಔರಾದಿಗೆ ಹೋಗುತ್ತಾಳೆ, ಅವರೊಡನೆ ವಾಹಕ ಗುಣವೂ ಅತ್ತಿತ್ತ ಸಾಗುತ್ತದೆ. ಎಚ್‌ಬಿಎ2 ಎಂಬ ಒಂದು ಪರೀಕ್ಷೆ ಸಾಮಾನ್ಯವಾಗಿ ಅದನ್ನು ತಿಳಿಸುತ್ತದೆ. ಜನ ಅಂಜುವುದು ಪರೀಕ್ಷೆಗಲ್ಲ, ಹುಡುಗಿಯ ವರದಿ ಊರಲ್ಲಿ ಸುದ್ದಿಯಾದೀತೆಂಬುದಕ್ಕೆ. ವಾಹಕಳಾದವಳು ವಾಹಕನಲ್ಲದವನನ್ನು ಮದುವೆಯಾದರೆ ಮಗುವಿಗೆ ಥಲಸ್ಸೇಮಿಯಾ ಮೇಜರ್ ಬರುವುದಿಲ್ಲವೆಂಬ ಸಂಗತಿಯನ್ನು ಬೀಗರ ಮುಂದೆ ಗಟ್ಟಿಯಾಗಿ ಹೇಳುವ ಹಿರಿಯರು ಬೇಕಾಗಿದ್ದಾರೆ.

ತವರಿಗೆ ಹೋದಾಗ ರಕ್ತದ ದಿನ ಬಂದರೆ ತಾಯಿ ಬೀದರಿನ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾಳೆ. ವಿಮಾ ಯೋಜನೆಗಳು ಆಯಾ ರಾಜ್ಯದ ದಾಖಲೆ ಕೇಳುತ್ತವೆ, ನಿಜ. ಉಚಿತ ರಕ್ತದ ಸೂಚನೆಯಾದರೋ ರಾಷ್ಟ್ರೀಯ ಪರಿಷತ್ತಿನದು. ಯುಡಿಐಡಿ ಚೀಟಿಯೂ ದೇಶಕ್ಕೆಲ್ಲ ಒಂದೇ. ಆ ಚೀಟಿ, ರಕ್ತದ ಗುಂಪು ಮತ್ತು ಹಿಂದಿನ ಏರಿಕೆಗಳ ತಾರೀಖು ಬರೆದ ಪುಸ್ತಕ ಇವೆರಡು ಬಸ್ಸಿನ ಚೀಲದಲ್ಲಿ ಸದಾ ಇರಲಿ. ಯಾರಾದರೂ ಇಲ್ಲವೆಂದರೆ ಕಾರಣವನ್ನು ಬರೆದುಕೊಡುವಂತೆ ಕೇಳಬೇಕು, ಯಾವ ಭಾಷೆಯಲ್ಲಾದರೂ ಸರಿ.