ಠೇವಣಿ ಕಳೆದುಕೊಳ್ಳುವವರು ಬೇಕಾಗಿದ್ದಾರೆ

ಸೂರತ್ತಿನ ಅಡಾಜಣ್‌ನಲ್ಲಿ ಚುನಾವಣೆಯ ಫಲಿತಾಂಶಕ್ಕಾಗಿ ಯಾರೂ ಉಸಿರು ಬಿಗಿಹಿಡಿದು ಕೂರುವುದಿಲ್ಲ. ತಾಪಿಯ ಈ ದಡದಲ್ಲಿ ಕಮಲ ಅರಳುವುದು ಖಾತ್ರಿ. ಆನಂದ ಮಹಲ್ ರಸ್ತೆಯ ಫರ್ಸಾಣ್ ಅಂಗಡಿಯಲ್ಲಿ ಖಮಣ್ ಸಿಗುತ್ತದೋ ಇಲ್ಲವೋ ಎನ್ನುವುದೇ ಅನುಮಾನ. ರಾಜಕೀಯವನ್ನು ಎಲೆಅಡಿಕೆಯಂತೆ ಮೆಲ್ಲುವ ಊರಿನಿಂದ ಬಂದ ನನಗೆ ಇಲ್ಲಿ ಬಾಯಿ ಸಪ್ಪೆ.

ಆ ಸಪ್ಪೆಗೆ ಖಾರ ಬಿದ್ದದ್ದು 2021ರ ಫೆಬ್ರವರಿಯಲ್ಲಿ. ಸೂರತ್ ಪಾಲಿಕೆಯ 120 ಸ್ಥಾನಗಳಲ್ಲಿ ಆಮ್ ಆದ್ಮಿ ಪಕ್ಷದ ಪೊರಕೆಯವರು 27 ಗೆದ್ದರು, ಕಾಂಗ್ರೆಸ್ ಸೊನ್ನೆಗೆ ಇಳಿಯಿತು. ಟಿಕೆಟ್ ಹಂಚಿಕೆಯಲ್ಲಿ ಕಾಂಗ್ರೆಸ್ಸಿನ ಮೇಲೆ ಮುನಿದ ಪಾಟೀದಾರ ಹೋರಾಟಗಾರರು ಹೊಸಬರ ಕೈಹಿಡಿದಿದ್ದರು. ಗೆದ್ದದ್ದು ಹೆಚ್ಚಾಗಿ ಹೊಳೆಯಾಚೆ, ವರಾಛಾ ಕಡೆಯ ವಜ್ರ ಸಾಣೆಯವರ ಬೀದಿಗಳಲ್ಲಿ. ನಮ್ಮ ಅಡಾಜಣ್‌ನಲ್ಲಿ ಪೊರಕೆ ಮೂಲೆಯಲ್ಲೇ ಇತ್ತು. ಆದರೂ ಸಂಜೆ ಬೆಂಚಿನ ಮಾತಿಗೆ ಜೀವ ಬಂತು.

ಮಾತಿನ ನಾಯಕ ಪೊರಕೆಯವರ ಗೋಪಾಲ್ ಇಟಾಲಿಯಾ. ಪೊಲೀಸ್ ಪೇದೆಯಾಗಿದ್ದವರು, ಕಂದಾಯ ಇಲಾಖೆಯ ಗುಮಾಸ್ತರಾಗಿದ್ದವರು. ಪಾನನಿಷೇಧದ ರಾಜ್ಯದಲ್ಲಿ ಮದ್ಯ ಹೇಗೆ ಸಿಗುತ್ತದೆಂದು ಉಪಮುಖ್ಯಮಂತ್ರಿಗೇ ಫೋನ್ ಮಾಡಿ ಕೇಳಿದ ಪುಣ್ಯಾತ್ಮ. 2017ರಲ್ಲಿ ಮಂತ್ರಿಯೊಬ್ಬರತ್ತ ಚಪ್ಪಲಿ ತೂರಿದ್ದೂ ಅವರೇ. ಅದನ್ನು ಮೆಚ್ಚಲಾರೆ, ಫೋನನ್ನು ಮೆಚ್ಚದಿರಲಾರೆ. 2022ರ ವಿಧಾನಸಭಾ ಚುನಾವಣೆಯಲ್ಲಿ ಅವರು ಸೂರತ್ತಿನ ಕತಾರ್ಗಾಮಿನಲ್ಲಿ ಸೋತರು. ಪಾಲಿಕೆಯ ಪೊರಕೆಗಳಲ್ಲೂ ಕೆಲವು ಕಮಲದ ಕೊಳ ಸೇರಿದವು. 2025ರಲ್ಲಿ ವಿಸಾವದರ್ ಉಪಚುನಾವಣೆ ಗೆದ್ದು ಇಟಾಲಿಯಾ ವಿಧಾನಸಭೆಗೆ ಹೋದರಾದರೂ ಅದು ನಮ್ಮೂರಲ್ಲ, ದೂರದ ಸೌರಾಷ್ಟ್ರ.

ನಮ್ಮೂರಿನ ಪಾಲಿಗೆ ಬಂದದ್ದು 2024ರ ಏಪ್ರಿಲ್, ಲೋಕಸಭಾ ಚುನಾವಣೆಯ ಹೊತ್ತು. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರದಲ್ಲಿರುವ ಸಹಿ ತಮ್ಮದಲ್ಲವೆಂದು ಸೂಚಕರೇ ಹೇಳಿದರು. ನಾಮಪತ್ರ ಬಿತ್ತು. ಮರುದಿನ, ಅಂದರೆ 22ರಂದು, ಉಳಿದ ಎಂಟು ಮಂದಿಯೂ ಹಿಂದೆ ಸರಿದರು. ಕಮಲದ ಮುಕೇಶ್ ದಲಾಲ್ ಅವಿರೋಧವಾಗಿ ಸಂಸದರಾದರು. ಕಣದಲ್ಲಿ ಒಬ್ಬರೇ ಉಳಿದರೆ ಮತದಾನವಿಲ್ಲ, ಮತದಾನವಿಲ್ಲದಿದ್ದರೆ ನೋಟಾ ಒತ್ತುವ ಸುಖವೂ ಇಲ್ಲ.

“ಒಳ್ಳೇದೇ ಆಯ್ತು ಭಾಯಿ, ಖರ್ಚೂ ಉಳೀತು, ಬಿಸಿಲಲ್ಲಿ ನಿಲ್ಲೋದೂ ತಪ್ಪಿತು” ಎಂದರು ಕೆಳಮನೆಯ ಸೀರೆ ವ್ಯಾಪಾರಿ ಕಾಕಾ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಮತದಾನದ ದಿನ, ಮೇ 7ರಂದು, ಉಧನಾದ ಗೆಳೆಯ ಮನೆಗೆ ಬಂದ. ಅವನೂ ಸೂರತ್ತಿನವನೇ, ಆದರೆ ಅವನ ಪೇಟೆ ನವಸಾರಿ ಕ್ಷೇತ್ರಕ್ಕೆ ಸೇರಿದೆ. ಚಹಾದ ಲೋಟ ಹಿಡಿದವನ ಎಡಗೈ ತೋರುಬೆರಳು ಬೇಕೆಂದೇ ನೆಟ್ಟಗಾಗಿತ್ತು. “ರೀ, ಅವರ ಬೆರಳನ್ನೇ ಯಾಕೆ ನೋಡ್ತೀರಿ?” ಎಂದಳು ಹೆಂಡತಿ. ಪಕ್ಕದ ಮನೆಯಲ್ಲಿ ಮದುವೆ, ನಮಗೆ ಕರೆಯೋಲೆಯಿಲ್ಲ ಎಂದು ಹೇಗೆ ಹೇಳಲಿ!

ಆಗ ನೆನಪಾದವರು ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿ. ಎಂಬತ್ತಕ್ಕೂ ಹೆಚ್ಚು ಚುನಾವಣೆಗಳಿಗೆ ನಿಂತು ಎಲ್ಲದರಲ್ಲೂ ಸೋತವರು. ಅವರ ಹೆಸರೆತ್ತಿದರೆ ನಾವೆಲ್ಲ ನಗುತ್ತಿದ್ದೆವು. ನೇರ ಮಾತಿನ ಹೊರಗಿನವನಿಂದ ರಾಜಕೀಯ ಶುದ್ಧವಾಗುತ್ತದೆಂಬ ಭ್ರಮೆ ನನಗಿಲ್ಲ. ಪೊರಕೆಗೂ ಧೂಳು ಹತ್ತುತ್ತದೆ. ಆದರೆ ಚುನಾವಣೆ ಎಂಬುದು ನಡೆಯಬೇಕಾದರೆ ಹಿಂದೆ ಸರಿಯದ ಮೊಂಡನೊಬ್ಬ ಬೇಕೇ ಬೇಕು. ಆ 22ರಂದು ರಂಗಸ್ವಾಮಿಯಂಥವರೊಬ್ಬರು ಸೂರತ್ತಿನ ಪಟ್ಟಿಯಲ್ಲಿದ್ದಿದ್ದರೆ ಖಂಡಿತ ಸೋಲುತ್ತಿದ್ದರು. ಇಪ್ಪತ್ತೈದು ಸಾವಿರದ ಠೇವಣಿ ಕಳೆದುಕೊಂಡು, 16 ಲಕ್ಷಕ್ಕೂ ಹೆಚ್ಚು ಜನರ ವೋಟು ಉಳಿಸಿಕೊಟ್ಟು ಹೋಗುತ್ತಿದ್ದರು. ಸೂರತ್ತಿನ ಯಾವ ವಜ್ರದ ವ್ಯಾಪಾರಿಯೂ ಇಷ್ಟು ಅಗ್ಗದ ಸೌದಾ ಕುದುರಿಸಿರಲಾರ.