ವಿಜಯನಗರದ ಮಗಳು, ಪ್ಯಾರಿಸ್ಸಿನ ಬಾಗಿಲು

ಕೆಂಗೇರಿಯಲ್ಲಿ ಮೆಟ್ರೊ ಗಾಡಿ ಹತ್ತಿ ಕುಳಿತರೆ ಜ್ಞಾನಭಾರತಿ, ನಾಯಂಡಹಳ್ಳಿ, ಅತ್ತಿಗುಪ್ಪೆಗಳನ್ನು ದಾಟಿ ವಿಜಯನಗರವನ್ನು ಸೇರುವುದು ಈಗ ಎಷ್ಟು ಸುಲಭ! 2021ರಲ್ಲಿ ಈ ಹಾದಿ ತೆರೆದಂದಿನಿಂದ, 'ನೀವು ಯಾರ ಮನೆಯವರು?' ಎಂದು ನನ್ನನ್ನು ನಡುವೆ ತಡೆದು ಕೇಳಿದವರಿಲ್ಲ. ಆ ಪ್ರಶ್ನೆಯನ್ನು ಎದುರಿಸಿದ ಮಗಳೊಬ್ಬಳನ್ನು ಕಾಣಲೆಂದೇ ಮೊನ್ನೆ ವಿಜಯನಗರದಲ್ಲಿ ಇಳಿದೆನು.

ಆಕೆ ನನ್ನ ಗೆಳತಿಯ ಮಗಳು. ಪತಿ ಹಾಲೆಂಡಿನ ಪ್ರಜೆ. ಇಬ್ಬರ ವಾಸ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಹೋದ ವರ್ಷ ನಾದಿನಿಯ ಮದುವೆಗೆಂದು ಪತಿ ಪ್ಯಾರಿಸ್ಸಿಗೆ ಹೋಗಿದ್ದನು. ಈಕೆ ತವರಿನಿಂದಲೇ ಹೊರಟು ಅಲ್ಲಿ ಅವನನ್ನು ಕೂಡಿಕೊಳ್ಳಬೇಕಾಗಿತ್ತು. ದೇವನಹಳ್ಳಿಯ ನಿಲ್ದಾಣದಲ್ಲಿ ವಿಮಾನ ಸಂಸ್ಥೆಯವರು "ವೀಸಾ ಎಲ್ಲಿ?" ಎಂದು ತಡೆದರು. ಐರ್ಲೆಂಡಿನ ನಿವಾಸ ಪತ್ರವನ್ನು ತೋರಿದರೂ ಒಪ್ಪಲಿಲ್ಲ. ವಿಮಾನ ಹಾರಿತು, ಮದುವೆಯೂ ಮುಗಿಯಿತು.

"ಅವಳದೇನು ತಪ್ಪು, ನೀನೇ ಹೇಳು" ಎನ್ನುತ್ತ ಗೆಳತಿ ಕಾಫಿಯ ಲೋಟವನ್ನು ಮುಂದಿಟ್ಟಳು.

ತಪ್ಪು ಅವಳದಲ್ಲ. ಐರೋಪ್ಯ ಒಕ್ಕೂಟದ 2004ರ ನಿಬಂಧನೆಯಂತೆ, ಒಕ್ಕೂಟದ ಪ್ರಜೆಯು ಸ್ವದೇಶವನ್ನು ಬಿಟ್ಟು ಅದರ ಇನ್ನೊಂದು ದೇಶದಲ್ಲಿ ನೆಲೆಸಿದರೆ, ಹೊರದೇಶದವರಾದ ಪತಿ ಅಥವಾ ಪತ್ನಿಗೂ ಜತೆಯಲ್ಲಿರುವ ಹಕ್ಕುಂಟು. ಆಗ ಕೊಡುವ ನಿವಾಸ ಪತ್ರಕ್ಕೆ ಸಾಮಾನ್ಯವಾಗಿ 5 ವರ್ಷಗಳ ಅವಧಿ. ಅದು ಕೈಯಲ್ಲಿದ್ದು, ಸಂಗಾತಿಯ ಜತೆಯಲ್ಲಾಗಲಿ ಅವರನ್ನು ಸೇರಲಾಗಲಿ ಹೋಗುವವರಿಗೆ ವೀಸಾ ಬೇಡ. ಪತ್ರವಿಲ್ಲದವರಿಗೆ ವೀಸಾವನ್ನು ಶುಲ್ಕವಿಲ್ಲದೆ, ಶೀಘ್ರವಾಗಿ ಕೊಡತಕ್ಕದ್ದು. ಆದರೆ ಪತಿ ಪ್ಯಾರಿಸ್ಸಿನಲ್ಲಿರುವನೆಂಬುದಕ್ಕೆ ಅಂದು ಇವಳಲ್ಲಿ ಪುರಾವೆ ಇರಲಿಲ್ಲ.

ಈ ಹಕ್ಕಿನ ಚರಿತ್ರೆಯಲ್ಲಿ ಭಾರತೀಯರೊಬ್ಬರ ಹೆಸರೂ ಸೇರಿದೆ. 1982ರಲ್ಲಿ ಬ್ರಿಟಿಷ್ ಪ್ರಜೆಯನ್ನು ವರಿಸಿದ ಸುರಿಂದರ್ ಸಿಂಗರು ಪತ್ನಿಯೊಡನೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದ್ದರು. ಹೀಗೆ ದುಡಿದು ಸ್ವದೇಶಕ್ಕೆ ಮರಳುವ ಪ್ರಜೆಯ ಸಂಗಾತಿಗೂ ಜತೆಯಲ್ಲಿ ನೆಲೆಸುವ ಹಕ್ಕುಂಟೆಂದು ಐರೋಪ್ಯ ನ್ಯಾಯಾಲಯವು 1992ರಲ್ಲಿ ತೀರ್ಪಿತ್ತಿತು.

ಈ ಬಾರಿ ನಾದಿನಿಯ ಮಗುವನ್ನು ನೋಡುವ ಪಯಣ. ಮೇಜಿನ ಮೇಲೆ ಪಾಸ್‌ಪೋರ್ಟು, ನಿವಾಸ ಪತ್ರ, ಪತಿಯ ಪಾಸ್‌ಪೋರ್ಟಿನ ಪ್ರತಿ, ಅವನ ಪ್ಯಾರಿಸ್ ಟಿಕೆಟ್ಟು. 1954ರ ವಿಶೇಷ ವಿವಾಹ ಕಾಯಿದೆಯಂತೆ ರಾಜಾಜಿನಗರದಲ್ಲಿ ನೋಂದಾಯಿಸಿದ ವಿವಾಹ ಪತ್ರವೂ ಇತ್ತು. ಅದರ ಮೇಲೆ ವಿದೇಶಾಂಗ ಮಂತ್ರಾಲಯದ ಅಪೊಸ್ಟಿಲ್ ಮುದ್ರೆ.

"ನಿಬಂಧನೆಯನ್ನೇ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇನೆ, ಚಿಕ್ಕಮ್ಮ" ಎಂದಳು ಹುಡುಗಿ.

ಹಕ್ಕನ್ನು ಹುಟ್ಟಿಸುವುದು ಕಾಗದವಲ್ಲ, ನಿಜ. ಆದರೆ ಸಾಕ್ಷಿಯಿಲ್ಲದ ಹಕ್ಕು ಹೊಸ್ತಿಲಿನಲ್ಲೇ ನಿಂತುಬಿಡುತ್ತದೆ.

ಮೂರನೆಯ ದಿನ ಗೆಳತಿಯ ಫೋನು ಬಂದಿತು: "ಸೇರಿಕೊಂಡಳು ಕಣೇ. ಮಗು ಇವಳ ಕೈಬಳೆ ಹಿಡಿದರೆ ಬಿಡುವುದೇ ಇಲ್ಲವಂತೆ!"